ವ್ಯಾಟ್ಸನ್ ಸಾಹೇಬರು ಮತ್ತು ನಮ್ಮ ಶಾಲೆಯ ಬ್ಯಾನರ್



ಏಪ್ರಿಲ್-ಮೇ ತಿಂಗಳಲ್ಲಿ ಉಮರ್ಗಾದಿಂದ ನಿಲಂಗಾಕ್ಕೋ ಉದಗೀರಕ್ಕೋ ಎಸ್.ಟಿ. ಬಸ್ಸಿನಲ್ಲಿ ಹೊರಟರೆ ಕಿಟಕಿಯಲ್ಲಿ ಕಾಣುವುದು ಎರಡೇ. ಒಂದು ಒಣಗಿದ ಹೊಲ, ಇನ್ನೊಂದು ಶಾಲೆಗಳ ಬ್ಯಾನರ್. ಬೇವಿನ ಗಿಡಕ್ಕೆ, ಲೈಟಿನ ಕಂಬಕ್ಕೆ, ಚಹಾದಂಗಡಿಯ ತಗಡಿಗೆ ಎಲ್ಲ ಕಡೆ ಕಟ್ಟಿರುತ್ತಾರೆ. ಎಲ್ಲ ಬ್ಯಾನರುಗಳಲ್ಲೂ ಹೆಚ್ಚುಕಡಿಮೆ ಒಬ್ಬನೇ ಹುಡುಗ. ಟೈ ಕಟ್ಟಿದ್ದಾನೆ, ಬೂಟು ಹಾಕಿದ್ದಾನೆ, ಹಿಂದೆ ರಾಕೆಟ್ ಹಾರುತ್ತಿದೆ. ಕೆಳಗೆ ಮರಾಠಿಯಲ್ಲಿ 'ನಿಮ್ಮ ಮಗು ಹಿಂದೆ ಬೀಳಬಾರದು' ಎಂಬ ಅರ್ಥದ ಒಂದು ಸಾಲು. ಅದರ ಕೆಳಗೆ 'ಕೆಲವೇ ಸೀಟುಗಳು ಉಳಿದಿವೆ' ಎಂಬ ಇನ್ನೊಂದು ಸಾಲು.

ಈ ಎರಡು ಸಾಲುಗಳು ಎಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದಾಗ ನಮಗೆ ಒಬ್ಬ ಹಳೆಯ ಪರಿಚಯದವರು ಸಿಕ್ಕರು. ಅವರ ಹೆಸರು ಜಾನ್ ಬಿ. ವ್ಯಾಟ್ಸನ್.

ಟಿ.ಸಿ.ಎಚ್. ಅಥವಾ ಡಿ.ಎಡ್. ಮಾಡಿದ ಯಾವ ಶಿಕ್ಷಕರಿಗೂ ಈ ಹೆಸರು ಮರೆತಿರಲಾರದು. ಶೈಕ್ಷಣಿಕ ಮನೋವಿಜ್ಞಾನದ ಪೇಪರಿನಲ್ಲಿ ಪಾವ್ಲಾವ್, ಥಾರ್ನ್‌ಡೈಕ್, ಸ್ಕಿನ್ನರ್ ಇವರ ಸಾಲಿನಲ್ಲಿ ವ್ಯಾಟ್ಸನ್ ಇರುತ್ತಿದ್ದರು. 'ವರ್ತನಾವಾದದ ಪಿತಾಮಹ' ಎಂದು ಬರೆದರೆ ಒಂದು ಅಂಕ ಗ್ಯಾರಂಟಿ! ನಾವೂ ಬರೆದೆವು, ಅಂಕ ಪಡೆದೆವು. ಆದರೆ ವ್ಯಾಟ್ಸನ್ ಅವರು ವಿಶ್ವವಿದ್ಯಾಲಯ ಬಿಟ್ಟಮೇಲೆ ಏನು ಮಾಡಿದರು ಎಂಬುದನ್ನು ನಮ್ಮ ಗೈಡಿನಲ್ಲಿ ಬರೆದಿರಲಿಲ್ಲ, ನಮಗೆ ಕಲಿಸಿದವರೂ ಹೇಳಲಿಲ್ಲ.

ನಡೆದದ್ದು ಹೀಗೆ. 1920ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವ್ಯಾಟ್ಸನ್ ಮತ್ತು ಅವರ ವಿದ್ಯಾರ್ಥಿನಿ ರೊಸಾಲಿ ರೇನರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇನ್ನೂ ಒಂದು ವರ್ಷ ತುಂಬದ ಒಂದು ಕೂಸು. ಅದಕ್ಕೆ ಆಲ್ಬರ್ಟ್ ಎಂದು ಹೆಸರಿಟ್ಟಿದ್ದರು. ಕೂಸಿಗೆ ಬಿಳಿ ಇಲಿ ಕಂಡರೆ ಅಂಜಿಕೆ ಇರಲಿಲ್ಲ, ಕೈಚಾಚಿ ಮುಟ್ಟುತ್ತಿತ್ತು. ಅದು ಇಲಿಯನ್ನು ಮುಟ್ಟಿದಾಗಲೆಲ್ಲ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದು ದೊಡ್ಡ ಸದ್ದು ಮಾಡಿದರು. ಕೆಲವು ಸಲ ಹೀಗೆ ಮಾಡಿದ ಮೇಲೆ ಸದ್ದು ಬೇಕಾಗಲೇ ಇಲ್ಲ. ಇಲಿ ಕಂಡರೆ ಸಾಕು, ಕೂಸು ಅಳತೊಡಗಿತು. ಇಲಿ ಅಷ್ಟೇ ಅಲ್ಲ, ಮೊಲ ಕಂಡರೂ ಅಳತೊಡಗಿತು. ಇದನ್ನು ನಾವು 'ಅನುಬಂಧಿತ ಭಯ' ಎಂದು ಬಾಯಿಪಾಠ ಮಾಡಿದ್ದೆವು. ಆ ಕೂಸಿನ ಅಂಜಿಕೆಯನ್ನು ಆಮೇಲೆ ಯಾರೂ ಬಿಡಿಸಲಿಲ್ಲ ಎಂಬ ಮಾತೂ ನಮ್ಮ ಗೈಡಿನಲ್ಲಿ ಇರಲಿಲ್ಲ.

ಅದೇ ವರ್ಷ ಖಾಸಗಿ ಕಾರಣಕ್ಕೆ ವ್ಯಾಟ್ಸನ್ ಕೆಲಸ ಕಳೆದುಕೊಂಡರು. ಆಮೇಲೆ ಸೇರಿದ್ದು ನ್ಯೂಯಾರ್ಕಿನ ಜೆ. ವಾಲ್ಟರ್ ಥಾಂಪ್ಸನ್ ಎಂಬ ಜಾಹೀರಾತು ಕಂಪನಿಗೆ. ಗಿರಾಕಿ ಹೇಗಿರುತ್ತಾನೆ ಎಂದು ತಿಳಿಯಲು ಮೊದಲು ಮೇಸಿ ಎಂಬ ದೊಡ್ಡ ಅಂಗಡಿಯ ಕೌಂಟರಿನಲ್ಲಿ ನಿಂತು ಸಾಮಾನು ಮಾರಿದರಂತೆ. 1924ರಲ್ಲಿ ಕಂಪನಿಯ ಉಪಾಧ್ಯಕ್ಷರೇ ಆದರು. ಮನುಷ್ಯನಿಗೆ ಹುಟ್ಟಿನಿಂದ ಬರುವ ಭಾವನೆಗಳು ಮೂರು, ಅಂಜಿಕೆ, ಸಿಟ್ಟು, ಪ್ರೀತಿ ಎಂಬುದು ಅವರ ಸಿದ್ಧಾಂತವಾಗಿತ್ತು. ವಸ್ತುವಿನ ಗುಣ ಹೇಳುತ್ತಾ ಕೂಡುವುದಕ್ಕಿಂತ ಈ ಮೂರರಲ್ಲಿ ಒಂದನ್ನು ಮುಟ್ಟಿದರೆ ಮಾಲು ಮಾರಾಟವಾಗುತ್ತದೆ ಎಂದು ಅವರು ನಂಬಿದ್ದರು.

ಇದೇ ಜೆ. ವಾಲ್ಟರ್ ಥಾಂಪ್ಸನ್ ಕಂಪನಿ 1929ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆಯಿತು. ವ್ಯಾಟ್ಸನ್ ಆಗಲೂ ಅದರ ಉಪಾಧ್ಯಕ್ಷರೇ. ನಮ್ಮ ಗೈಡಿನ ವ್ಯಾಟ್ಸನ್‌ಗೂ ಎಸ್.ಟಿ. ಬಸ್ಸಿನ ಕಿಟಕಿಗೂ ಇರುವ ದಾರಿ ಇದು.

ಹಾಗಂತ ಜಾಹೀರಾತು ನಮ್ಮ ಕಡೆಗೆ ಅಮೆರಿಕದಿಂದ ಬಂತು ಎಂದು ತಿಳಿಯಬಾರದು. ಅದಕ್ಕೂ ಮೊದಲು ನಮ್ಮಲ್ಲಿ 'ಛಾಪ' ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ಮುಂಬಯಿ, ಕಲ್ಕತ್ತೆಗಳಿಗೆ ಬರುವಾಗ ಪ್ರತಿ ತಾನಿನ ಮೇಲೆ ಒಂದು ಬಣ್ಣದ ಚಿತ್ರ ಅಂಟಿಸಿರುತ್ತಿದ್ದರು. ದೇವರು, ರಾಜ, ಆನೆ, ಹುಲಿ, ಹೂವು. ಕೊಳ್ಳುವವನಿಗೆ ಕಂಪನಿಯ ಹೆಸರು ಓದಲು ಬರುವುದಿಲ್ಲ. ಆದರೆ 'ಹೋದ ಸಲ ಒಯ್ದ ಆನೆ ಛಾಪಿನ ಬಟ್ಟೆ ಕೊಡ್ರಿ' ಎನ್ನಬಹುದು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಶಿಲಾಮುದ್ರಣದ ಪ್ರೆಸ್ ಹಾಕಿದ ಮೇಲೆ ಲಕ್ಷ್ಮೀ ಸರಸ್ವತಿಯರು ಬಡವರ ಮನೆಯ ಗೋಡೆಗೂ ಬಂದರು. ಅವರ ಹಿಂದೆಯೇ ಕ್ಯಾಲೆಂಡರಿನಲ್ಲಿ ಸಾಬೂನು, ಮಕ್ಕಳ ಔಷಧಿ ಎಲ್ಲ ಬಂದವು. ದೇವರ ಚಿತ್ರ ಹರಿದು ಬಿಸಾಡುವವರು ಯಾರು? ವರ್ಷ ಮುಗಿದರೂ ಕ್ಯಾಲೆಂಡರ್ ಗೋಡೆಯ ಮೇಲೆಯೇ.

ನಮ್ಮ ಭಾಗಕ್ಕೆ ಈ ಛಾಪ ಬಹಳ ಹೊಂದಿಕೆಯಾಯಿತು. 1956ರವರೆಗೆ ನಿಲಂಗಾ, ಉದಗೀರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು, ಉಮರ್ಗಾ ಉಸ್ಮಾನಾಬಾದಿನಲ್ಲಿತ್ತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ. ಇಂಥ ಕಡೆ ಯಾವ ಭಾಷೆಯಲ್ಲಿ ಬರೆದರೂ ಮುಕ್ಕಾಲು ಜನರಿಗೆ ತಿಳಿಯುತ್ತಿರಲಿಲ್ಲ. ಚಿತ್ರ ಎಲ್ಲರಿಗೂ ತಿಳಿಯುತ್ತಿತ್ತು. ಮಂಗನ ಛಾಪಿನ ಕರಿ ಹಲ್ಲುಪುಡಿಯನ್ನು ನಮ್ಮ ಹಿರಿಯರು ಇಂದಿಗೂ ಹಾಗೆಯೇ ಕೇಳುತ್ತಾರೆ. ಛಾಪ ಗುರುತು ಹೇಳುತ್ತಿತ್ತು, ಅಂಜಿಸುತ್ತಿರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಇನ್ನು ಚಹಾದ ಕತೆ. ಇದನ್ನು ಹೇಳಿದರೆ ನಮ್ಮ ಊರಿನ ಕಟ್ಟೆಯ ಮೇಲೆ ಯಾರೂ ನಂಬುವುದಿಲ್ಲ. ಚಹಾ ಇಲ್ಲದ ಮರಾಠವಾಡಾ ಇತ್ತೇ ಎಂದು ನಗುತ್ತಾರೆ. ನಮ್ಮ ಅಜ್ಜಿ ಹೇಳುತ್ತಿದ್ದರು, ಅವರು ಸಣ್ಣವರಿದ್ದಾಗ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುತ್ತಿದ್ದರಂತೆ. ಬೇಸಿಗೆಯಾದರೆ ಮಜ್ಜಿಗೆ. ಚಹಾ ಎಂದರೆ ಜಡ್ಡು ಬಂದವರಿಗೆ ಕೊಡುವ ಕಷಾಯ ಎಂದು ತಿಳಿದಿದ್ದರಂತೆ.

ಭಾರತದಲ್ಲಿ ಬೆಳೆದ ಚಹಾ ಆಗ ಬಹುಪಾಲು ಪರದೇಶಕ್ಕೆ ಹೋಗುತ್ತಿತ್ತು. 1903ರಲ್ಲಿ ಕರ್ಜನ್ ಕಾಲದಲ್ಲಿ ಚಹಾ ಸೆಸ್ ಕಾಯ್ದೆ ಬಂತು. ತೋಟದ ಮಾಲೀಕರೇ ಬೇಡಿ ತಮ್ಮ ರಫ್ತಿನ ಮೇಲೆ ಹಾಕಿಸಿಕೊಂಡ ತೆರಿಗೆ ಅದು, ಆ ಹಣ ಪ್ರಚಾರಕ್ಕೆ. 1930ರ ಸುಮಾರಿಗೆ ಜಗತ್ತಿನಲ್ಲಿ ಮುಗ್ಗಟ್ಟು ಬಂದು ಚಹಾ ರಾಶಿ ಬಿದ್ದಾಗ ಅವರು ಭಾರತದ ಕಡೆಗೇ ತಿರುಗಿದರು. ಪ್ರಚಾರಕರು ಊರೂರು ತಿರುಗಿ, ಓಣಿಗಳಲ್ಲಿ, ಜಾತ್ರೆಗಳಲ್ಲಿ ಒಲೆ ಹಚ್ಚಿ ಚಹಾ ಕಾಸಿ ಪುಕ್ಕಟೆ ಕುಡಿಸಿದರು. ರೈಲು ನಿಲ್ದಾಣಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ, ಚಹಾ ಮಾಡುವುದು ಹೇಗೆ ಎಂದು ಚಿತ್ರ ಸಹಿತ ಎನಾಮೆಲ್ ಫಲಕ ಹಾಕಿದರು. ಚಹಾ ಕುಡಿದರೆ ಹುರುಪು, ಚಹಾ ಕುಡಿಯುವವರು ಸುಧಾರಿಸಿದವರು ಎಂಬುದು ಪ್ರಚಾರದ ತಿರುಳು. ಸ್ವಾತಂತ್ರ್ಯ ಬರುವ ಹೊತ್ತಿಗೆ ಕಲ್ಕತ್ತೆಯ ಕಲಾವಿದ ಅನ್ನದಾ ಮುನ್ಶಿ ಬರೆದ ಪೋಸ್ಟರಿನಲ್ಲಿ ಚಹಾ ಸ್ವದೇಶಿ ಪಾನೀಯವೇ ಆಗಿಹೋಗಿತ್ತು, ಪಕ್ಕದಲ್ಲಿ ಚರಕವೂ ಇತ್ತು. ಗಾಂಧೀಜಿ ಚಹಾ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಬರೆದವರು. ಬಂಗಾಲದ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಈ ಪ್ರಚಾರವನ್ನು ಕಟುವಾಗಿ ವಿರೋಧಿಸಿದವರು. ಅಂಥವರ ಮಾತೂ ನಿಲ್ಲಲಿಲ್ಲ ನೋಡಿ.

ಆದರೆ ಇದರಲ್ಲಿ ಒಂದು ತಮಾಷೆ ಇದೆ. ಫಲಕದಲ್ಲಿ ಹೇಳಿದ್ದು ಬಿಸಿನೀರಿಗೆ ಅಳತೆಯ ಪುಡಿ ಹಾಕಿ, ಮುಚ್ಚಿಟ್ಟು, ಸೋಸಿ, ಸ್ವಲ್ಪ ಹಾಲು ಹಾಕಿ ಎಂದು. ನಮ್ಮ ಜನ ಮಾಡಿದ್ದೇನು? ಹಾಲು, ಸಕ್ಕರೆ, ಪುಡಿ, ಶುಂಠಿ ಎಲ್ಲ ಕೂಡಿಸಿ ಗಳಗಳ ಕುದಿಸಿದರು! ಅಂಗಡಿಯವರು ಪುಡಿ ಕಡಿಮೆ ಹಾಕಿ ಮಸಾಲೆ, ಹಾಲು, ಸಕ್ಕರೆ ಹೆಚ್ಚು ಮಾಡುತ್ತಾರೆ ಎಂದು ಪ್ರಚಾರಕರಿಗೆ ಇದು ಸೇರುತ್ತಿರಲಿಲ್ಲ. ಇನ್ನೊಂದು ಮಾತೂ ಹೇಳಬೇಕು. ಎಷ್ಟು ಪ್ರಚಾರ ಮಾಡಿದರೂ ಚಹಾ ಬಡವರ ಮನೆ ಹೊಕ್ಕಿದ್ದು ಅದು ಅಗ್ಗವಾದ ಮೇಲೆಯೇ. 1930ರ ದಶಕದಲ್ಲಿ ಬಂದ ಸಿ.ಟಿ.ಸಿ. ಯಂತ್ರ, ಸ್ವಾತಂತ್ರ್ಯದ ನಂತರ ಎಲ್ಲ ಕಡೆ ಹಬ್ಬಿ, ಸ್ವಲ್ಪ ಪುಡಿಗೇ ಕಡು ಬಣ್ಣ ಬರುವಂತೆ ಮಾಡಿತು. ಜಾಹೀರಾತು ಬಾಗಿಲು ತಟ್ಟಬಹುದು, ಒಳಗೆ ಬರಲು ಕಿಸೆಗೆ ನಿಲುಕುವ ಬೆಲೆ ಬೇಕು. ಹೀಗಾಗಿ 'ಜಾಹೀರಾತು ಜನರನ್ನು ಕುರಿ ಮಾಡುತ್ತದೆ' ಎಂದು ಭಾಷಣ ಮಾಡುವವರ ಮಾತನ್ನು ನಾವು ಪೂರಾ ಒಪ್ಪುವುದಿಲ್ಲ.

ನಮ್ಮ ಕನ್ನಡದವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಹೊರದೇಶಕ್ಕೆ ಹೋಗುವುದು ನಿಂತಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಹಾಕಿಸಿದರು. ಇದರ ತಾಂತ್ರಿಕ ಕೆಲಸ ಸೋಸಲೆ ಗರಳಪುರಿ ಶಾಸ್ತ್ರಿಗಳದು. ಅವರು ರಸಾಯನಶಾಸ್ತ್ರ ಬಲ್ಲವರು, ಮನುಷ್ಯರ ಮನಸ್ಸನ್ನೂ ಬಲ್ಲವರು. ಸಾಬೂನನ್ನು ಚೌಕ ಮಾಡದೆ ಅಂಡಾಕಾರ ಮಾಡಿದರು, ಆಭರಣದ ಡಬ್ಬಿಯಂಥ ಪೆಟ್ಟಿಗೆಯಲ್ಲಿಟ್ಟರು, ಆನೆಯ ತಲೆ, ಸಿಂಹದ ಮೈಯ ಶರಭವನ್ನು ಗುರುತಾಗಿ ಮಾಡಿದರು. ಕರಾಚಿಯಲ್ಲಿ ಇದೇ ಸಾಬೂನಿಗಾಗಿ ಒಂಟೆಗಳ ಮೆರವಣಿಗೆ ತೆಗೆದಿದ್ದರಂತೆ! 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ 'ಕನ್ನಡದ ನಟಿಯರು ಇರಲಿಲ್ಲವೇ' ಎಂದು ಗದ್ದಲವಾಯಿತು. ಗಡಿಯಾಚೆ ಕುಳಿತ ನಮಗೆ ಅನಿಸಿದ್ದು ಬೇರೆ. ಪೆಟ್ಟಿಗೆಯ ಮೇಲೆ ಒಂದು ಮುಖವೂ ಇಲ್ಲದೆ ಆ ಸಾಬೂನು ನೂರು ವರ್ಷ ಬದುಕಿತಲ್ಲ!

ನಟಿಯರ ಮಾತು ಬಂತು ಎಂದು ಇನ್ನೊಂದು ಸಂಗತಿ. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಬಂದ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ.

ಈಗ ಮತ್ತೆ ಅಂಜಿಕೆಗೆ ಬರೋಣ. ಲಿಸ್ಟರೀನ್ ಎಂಬ ಔಷಧಿ ಮೊದಲು ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿ ಕೊಲ್ಲಲು ಬಳಸುತ್ತಿದ್ದದ್ದು. 1920ರ ದಶಕದಲ್ಲಿ ಅದರ ಮಾಲೀಕರು ಬಾಯಿವಾಸನೆಗೆ ಯಾರೂ ಕೇಳದ ಒಂದು ವೈದ್ಯಕೀಯ ಹೆಸರು ಹುಡುಕಿ, 'ನಿಮ್ಮ ಬಾಯಿ ನಾರುತ್ತದೆ, ಗೆಳೆಯರೂ ನಿಮಗೆ ಹೇಳುವುದಿಲ್ಲ' ಎಂಬ ಧಾಟಿಯಲ್ಲಿ ಪ್ರಚಾರ ಮಾಡಿದರು. ವ್ಯಾಪಾರ ಏರಿತು. ಮೊದಲು ಕೊರತೆ ಹುಟ್ಟಿಸು, ಆಮೇಲೆ ಔಷಧಿ ಮಾರು. ಇದರ ಪಾಠ ಆಗಲೇ ಪುಸ್ತಕವಾಗಿ ಬಂದಿತ್ತು. ವಾಲ್ಟರ್ ಡಿಲ್ ಸ್ಕಾಟ್ ಎಂಬ ಮನೋವಿಜ್ಞಾನದ ಪ್ರಾಧ್ಯಾಪಕರು 1903ರಲ್ಲಿ ಜಾಹೀರಾತಿನ ಸಿದ್ಧಾಂತದ ಮೇಲೆ, 1908ರಲ್ಲಿ ಜಾಹೀರಾತಿನ ಮನೋವಿಜ್ಞಾನದ ಮೇಲೆ ಗ್ರಂಥ ಬರೆದಿದ್ದರು. ಮನುಷ್ಯ ತರ್ಕಕ್ಕಿಂತ ಸೂಚನೆಗೆ ಹೆಚ್ಚು ಬಗ್ಗುತ್ತಾನೆ ಎಂಬುದು ಅವರ ವಾದ.

1957ರಲ್ಲಿ ವ್ಯಾನ್ಸ್ ಪ್ಯಾಕರ್ಡ್ ಎಂಬ ಪತ್ರಕರ್ತರು ಈ ಎಲ್ಲವನ್ನೂ ಬಯಲಿಗೆಳೆದು 'ದ ಹಿಡನ್ ಪರ್ಸುಯೇಡರ್ಸ್' ಎಂಬ ಪುಸ್ತಕ ಬರೆದರು. ಹೆಸರಿನ ಅರ್ಥ ಮರೆಯಲ್ಲಿ ಕುಳಿತು ಮನವೊಲಿಸುವವರು ಎಂದು. ಅದೇ ವರ್ಷ ಜೇಮ್ಸ್ ವಿಕರಿ ಎಂಬ ಇನ್ನೊಬ್ಬರು, ಸಿನಿಮಾ ನಡುವೆ ಕಣ್ಣಿಗೆ ಕಾಣದಷ್ಟು ಬೇಗ 'ಪಾಪ್‌ಕಾರ್ನ್ ತಿನ್ನಿ, ಕೋಕ್ ಕುಡಿಯಿರಿ' ಎಂದು ತೋರಿಸಿದರೆ ಮಾರಾಟ ಏರುತ್ತದೆ ಎಂದು ಸಾರಿ ಜಗತ್ತನ್ನೇ ಗಾಬರಿ ಮಾಡಿದರು. 1962ರಲ್ಲಿ ಆ ಪ್ರಯೋಗ ನಂಬುವಂಥದ್ದಲ್ಲ ಎಂದು ಅವರೇ ಒಪ್ಪಿಕೊಂಡರು. ಇಂದಿಗೂ ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಯಾರಾದರೊಬ್ಬರು ಈ ಕತೆ ನಿಜವೆಂದೇ ಹೇಳುತ್ತಾರೆ. ನಾವೂ ಎಷ್ಟೋ ವರ್ಷ ನಂಬಿದ್ದೆವು. ನಿಜ ಹೇಳಬೇಕೆಂದರೆ ಜಾಹೀರಾತಿಗೆ ಬಚ್ಚಿಡುವ ಅಗತ್ಯವೇ ಇಲ್ಲ. 'ಜಾಹೀರು' ಎಂದರೇ ಬಹಿರಂಗ. ಎಲ್ಲರೂ ಓದುವಂತೆ ಬೇವಿನ ಗಿಡಕ್ಕೆ ಕಟ್ಟಿರುತ್ತಾರೆ, ಆದರೂ ಕೆಲಸ ಮಾಡುತ್ತದೆ.

ರೇಡಿಯೋ ಟಿ.ವಿ. ಕತೆ ನಿಮಗೆಲ್ಲ ಗೊತ್ತಿರುವುದೇ, ಬೇಗ ಮುಗಿಸುತ್ತೇವೆ. ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟ ಕಾಲದಲ್ಲಿ, 1952ರ ಡಿಸೆಂಬರಿನಿಂದ ರೇಡಿಯೋ ಸಿಲೋನ್ ಬಿನಾಕಾ ಗೀತಮಾಲಾ ಶುರು ಮಾಡಿ, ಅಮೀನ್ ಸಯಾನಿ ಅವರ ದನಿಯಲ್ಲಿ ಹಲ್ಲುಪೇಸ್ಟಿನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ವಿವಿಧಭಾರತಿಯಲ್ಲಿ ಜಾಹೀರಾತು ಬಂದದ್ದು 1967ರ ನವೆಂಬರ್ 1ರಂದು, ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಲ್ಲಿ. ದೂರದರ್ಶನದಲ್ಲಿ 1976ರ ಜನವರಿ 1ರಿಂದ. 1987ರಲ್ಲಿ ರಾಮಾಯಣ ಶುರುವಾದಾಗ ನಾವು ಪ್ರಾಥಮಿಕ ಶಾಲೆಯ ಹುಡುಗರು. ಊರಿಗೆ ಒಂದೇ ಟಿ.ವಿ. ಕನ್ನಡದ ಮಕ್ಕಳಾದ ನಮಗೆ ಹಿಂದಿ ಸಂಭಾಷಣೆ ಅರ್ಧ ತಿಳಿಯುತ್ತಿರಲಿಲ್ಲ, ಆದರೆ ನಡುವೆ ಬರುತ್ತಿದ್ದ ನಿರ್ಮಾ ಹಾಡು ಪೂರಾ ಬಾಯಿಪಾಠ! ನಿರ್ಮಾ ಅಗ್ಗದ ಪುಡಿ, ಅದಕ್ಕೆ ಹಾಡು ಮತ್ತು ಬಿಳಿ ಫ್ರಾಕಿನ ಹುಡುಗಿ ಸಾಕಾದಳು. ಸರ್ಫ್ ತುಟ್ಟಿ, ಅದಕ್ಕೆ ಕಾಯಿಪಲ್ಲೆ ಕೊಳ್ಳುವಾಗ ಚೌಕಾಶಿ ಮಾಡುವ ಲಲಿತಾಜಿ ಬೇಕಾದರು. ತುಟ್ಟಿಯ ಸಾಮಾನು ಕೊಳ್ಳುವ ಹೆಣ್ಣುಮಗಳು ದಡ್ಡಳಲ್ಲ, ಜಾಣೆ ಎಂದು ಹೇಳಲು. ಇದನ್ನು ಮಾಡಿಸಿದವರು ಅಲಿಕ್ ಪದಮ್‌ಸಿ. ಬಲು ಬುದ್ಧಿವಂತಿಕೆಯ ಜಾಹೀರಾತು ಅದು, ನಮಗೆ ಇಂದಿಗೂ ಮೆಚ್ಚುಗೆಯೇ.

ಮೆಚ್ಚಲಾಗದ್ದು ಇನ್ನೊಂದು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ. ಮೈಬಣ್ಣ ಕಪ್ಪಾದ ಹುಡುಗಿಗೆ ನೌಕರಿ ಇಲ್ಲ, ವರನಿಲ್ಲ. ಕ್ರೀಮು ಹಚ್ಚಿದ ಮೇಲೆ ಎರಡೂ ಇವೆ. ಮಗನಿದ್ದರೆ ಚೆನ್ನಾಗಿತ್ತು ಎಂದು ಕೊರಗುವ ಅಪ್ಪ, ಬೆಳ್ಳಗಾಗಿ ವಿಮಾನದಲ್ಲಿ ನೌಕರಿ ಹಿಡಿಯುವ ಮಗಳು, ಈ ಜಾಹೀರಾತಿನ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಹೋರಾಡಿ 2003ರಲ್ಲಿ ಅದು ನಿಂತಿತು. 2020ರಲ್ಲಿ ಕ್ರೀಮಿನ ಹೆಸರೂ ಬದಲಾಯಿತು. ನಡುವಿನ ನಲವತ್ತೈದು ವರ್ಷದಲ್ಲಿ ಕರೀಬಿಸಿಲಿನ ಈ ನಾಡಿನಲ್ಲಿ ಎಷ್ಟು ಹುಡುಗಿಯರು ಕನ್ನಡಿಯ ಮುಂದೆ ಅತ್ತರೋ! ನಮ್ಮ ತರಗತಿಯಲ್ಲೇ ಗ್ಯಾದರಿಂಗಿನ ಫೋಟೋಕ್ಕೆ ಮುಂದಿನ ಸಾಲಿನಲ್ಲಿ ನಿಲ್ಲಲು ಒಪ್ಪದ ಹುಡುಗಿ ಇದ್ದಳು. 'ನಾ ಕರ್ರಗ ಅದೀನ್ರಿ ಸರ್, ಹಿಂದ ನಿಲ್ತೀನಿ' ಎಂದಳು. ಆಗ ನಮಗೆ ಆಲ್ಬರ್ಟ್ ನೆನಪಾಗಲಿಲ್ಲ. ಈಗ ಆಗುತ್ತದೆ.

ಈ ಅಂಜಿಕೆಯ ವಿದ್ಯೆ ಶಿಕ್ಷಣಕ್ಕೆ ಬಂದದ್ದು ನಮ್ಮ ಕಣ್ಣೆದುರಿಗೇ. ನಮ್ಮ ಜಿಲ್ಲೆಗಳ ಮಗ್ಗುಲಲ್ಲೇ ಇರುವ ಲಾತೂರ ಇದಕ್ಕೆ ದೊಡ್ಡ ಹೆಸರು. ರಾಜರ್ಷಿ ಶಾಹೂ ಕಾಲೇಜಿನಲ್ಲಿ ಬೆಳೆದ 'ಲಾತೂರ ಪ್ಯಾಟರ್ನ್' ಮೊದಲು ಒಂದು ಕಲಿಸುವ ಪದ್ಧತಿ. ಹೆಚ್ಚಿನ ತಾಸು, ಮತ್ತೆ ಮತ್ತೆ ಪರೀಕ್ಷೆ, ಶಿಕ್ಷಕರ ಕಟ್ಟುನಿಟ್ಟಿನ ದುಡಿಮೆ. ಅದರಿಂದ ಎಷ್ಟೋ ರೈತರ ಮಕ್ಕಳು ಡಾಕ್ಟರಾದದ್ದು ಸುಳ್ಳಲ್ಲ. ಆದರೆ ಪದ್ಧತಿಯ ಬೆನ್ನಿಗೆ ಖಾಸಗಿ ಕ್ಲಾಸುಗಳು ಬಂದವು, ಕ್ಲಾಸುಗಳ ಬೆನ್ನಿಗೆ ಫ್ಲೆಕ್ಸ್ ಬಂದವು. ಟಾಪರುಗಳ ಫೋಟೋ, ಕೆಳಗೆ ಅಂಕ. ಒಬ್ಬನೇ ಹುಡುಗ ಎರಡು ಮೂರು ಕ್ಲಾಸುಗಳ ಫ್ಲೆಕ್ಸಿನಲ್ಲಿ ನಗುವುದೂ ಉಂಟು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿ, ಮಕ್ಕಳ ಒಪ್ಪಿಗೆ ಇಲ್ಲದೆ ಅವರ ಫೋಟೋ ಹಾಕಬಾರದು, ಸೀಟು ಮುಗಿಯುತ್ತಿವೆ ಎಂಬ ಸುಳ್ಳು ಅವಸರ ಹುಟ್ಟಿಸಬಾರದು ಎಂದಿತು. ಓದಿ ನಮಗೆ ಸಂತೋಷವಾಯಿತು. ಆದರೆ ನರ್ಸರಿಗೆ ಸೀಟು ಮುಗಿಯುತ್ತಿವೆ ಎಂದು ಗಿಡಕ್ಕೆ ಕಟ್ಟಿದ ಬ್ಯಾನರನ್ನು ಯಾರು ಕೇಳಬೇಕು?

ಇನ್ನು ನಮ್ಮ ಶಾಲೆಯ ಮಾತು. ನಮ್ಮದು ಉಮರ್ಗಾ ತಾಲ್ಲೂಕಿನ ಒಂದು ಜಿಲ್ಲಾ ಪರಿಷದ್ ಕನ್ನಡ ಶಾಲೆ. 2023ರಲ್ಲಿ 20ಕ್ಕಿಂತ ಕಡಿಮೆ ಪಟಸಂಖ್ಯೆಯ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ಮಾತು ಹೊರಟಾಗಿನಿಂದ ನಮಗೆ ನಿದ್ದೆ ಸರಿಯಾಗಿಲ್ಲ. ಮರಾಠಿ ಶಾಲೆ ಮುಚ್ಚಿದರೆ ಪಕ್ಕದ ಊರಲ್ಲಿ ಇನ್ನೊಂದು ಮರಾಠಿ ಶಾಲೆ ಇರುತ್ತದೆ. ಕನ್ನಡ ಶಾಲೆ ಮುಚ್ಚಿದರೆ ಪಕ್ಕದ ಊರಲ್ಲಿ ಕನ್ನಡ ಶಾಲೆ ಇರುವುದಿಲ್ಲ. ಪ್ರತಿ ವರ್ಷ ಯುಗಾದಿಯಿಂದ ಪಟ ಹೆಚ್ಚಿಸುವ ಅಭಿಯಾನ. ಮನೆಮನೆಗೆ ಹೋಗುತ್ತೇವೆ.

ಹೋದ ವರ್ಷ ಒಂದು ಮನೆಯಲ್ಲಿ ತಾಯಿಗೆ ನಾವು ಹೇಳಿದೆವು, 'ತಂಗಿ, ನಿನ್ನ ಮಗನ್ನ ಕನ್ನಡ ಶಾಲಿಗಿ ಹಾಕು. ಇಲ್ಲಂದ್ರ ನಾಳೆ ಅವನಿಗಿ ಮನಿ ಮಾತೇ ಬರಂಗಿಲ್ಲ. ಕನ್ನಡ ಇಲ್ಲಿ ಉಳಿಯಂಗಿಲ್ಲ.' ಆಕೆ ರೊಟ್ಟಿ ಬಡಿಯುತ್ತಾ ಕೇಳಿದಳು, 'ಸರ್, ನಿಮ್ಮ ಮಗಳು ಎಲ್ಲಿ ಕಲೀತಾಳ್ರಿ?'

ನಮ್ಮ ಮಗಳು ನಾಲ್ಕನೇ ಇಯತ್ತೆಯವರೆಗೆ ನಮ್ಮ ಶಾಲೆಯಲ್ಲೇ ಕಲಿತಳು. ಐದರಿಂದ ಉಮರ್ಗಾದಲ್ಲಿ ಇಂಗ್ಲಿಷ್ ಮೀಡಿಯಂ. ಹಾಗೆಯೇ ಹೇಳಿದೆವು. ಆಕೆ ಏನೂ ಅನ್ನಲಿಲ್ಲ, ಚಹಾ ಕೊಟ್ಟಳು.

ಮನೆಗೆ ಬರುವಾಗ ನಮಗೆ ಹೊಳೆದದ್ದು ಇಷ್ಟು. ನಾವು ಮಾಡಿದ್ದೂ ಅದೇ ಕೆಲಸವಲ್ಲವೇ? ಅವರು 'ಮಗು ಹಿಂದೆ ಬೀಳುತ್ತದೆ' ಎಂದು ಅಂಜಿಸಿದರು, ನಾವು 'ಭಾಷೆ ಸಾಯುತ್ತದೆ' ಎಂದು ಅಂಜಿಸಿದೆವು. ನಮ್ಮ ಕೈಯಲ್ಲೂ ಸುತ್ತಿಗೆಯೇ ಇತ್ತು. ಆ ತಾಯಿಯ ಅಂಜಿಕೆ ಹುಸಿ ಎಂದು ಹೇಳಲೂ ನಮಗೆ ಬಾಯಿಲ್ಲ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ, ಇಂಗ್ಲಿಷ್ ಬಲ್ಲವನು ನೆರಳಲ್ಲಿ ಕೂಡುವುದನ್ನು ದಿನಾ ನೋಡುತ್ತಾನೆ. ನಮ್ಮ ಶಾಲೆ ಏಳನೆಯವರೆಗೆ ಇದೆ, ಮುಂದೆ ಕನ್ನಡ ಹೈಸ್ಕೂಲಿಗೆ ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಸುಲಭದ ಉತ್ತರ ಇಲ್ಲ. ಬ್ಯಾನರಿನವರು ಈ ಅಂಜಿಕೆಯನ್ನು ಹುಟ್ಟಿಸಲಿಲ್ಲ. ಇದ್ದದ್ದಕ್ಕೆ ಟೈ ಕಟ್ಟಿ ತೋರಿಸಿದರು.

ಈ ವರ್ಷ ಮಾರ್ಚಿನಲ್ಲಿ ನಮ್ಮ ಕಿರಿಯ ಸಹೋದ್ಯೋಗಿ 'ಸರ್, ನಾವೂ ಒಂದು ಬ್ಯಾನರ್ ಮಾಡ್ಸೋಣ್ರಿ' ಎಂದರು. ಐದನೆಯ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಫೋಟೋ ದೊಡ್ಡದಾಗಿ ಹಾಕೋಣ ಎಂಬುದು ಅವರ ಆಸೆ. ಮುಖ್ಯಾಧ್ಯಾಪಕರಿಗೂ ಸರಿ ಅನಿಸಿತು. ನಾವು ಬೇಡ ಎಂದೆವು. ಎರಡು ದಿನ ವಾದ ನಡೆಯಿತು. 'ನಿಮ್ಮ ಮನೋವಿಜ್ಞಾನ ಕಟ್ಟಿ ಇಡ್ರಿ ಸರ್, ಶಾಲಿ ಮುಚ್ಚಿದ ಮ್ಯಾಲ ಯಾರಿಗಿ ಹೇಳ್ತೀರಿ' ಎಂದರು ಅವರು. ಅವರ ಮಾತಿನಲ್ಲಿ ತಪ್ಪೇನಿತ್ತು? ಕೊನೆಗೆ ಹುಡುಗಿಯನ್ನೇ ಕೇಳಿದೆವು. ಆಕೆ ಒಪ್ಪಲಿಲ್ಲ. ಕಾರಣ ಕೇಳಿದರೆ ಫೋಟೋದಲ್ಲಿ ತನ್ನ ಹಲ್ಲು ಚೆನ್ನಾಗಿ ಬರುವುದಿಲ್ಲವಂತೆ.

ಹೀಗಾಗಿ ಫೋಟೋ ಇಲ್ಲದ ಬ್ಯಾನರ್ ಆಯಿತು. ಕನ್ನಡದಲ್ಲಿ ಮೇಲೆ, ಮರಾಠಿಯಲ್ಲಿ ಕೆಳಗೆ. ಮೂರೇ ಸಂಗತಿ ಬರೆಸಿದೆವು. ಒಂದನೇ ಇಯತ್ತೆಯಿಂದ ಇಂಗ್ಲಿಷ್ ಕಲಿಸುತ್ತೇವೆ (ಇದು ಮಹಾರಾಷ್ಟ್ರದಲ್ಲಿ 2000ದಿಂದಲೇ ಇದೆ, ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ). ಮೂರನೇ ಇಯತ್ತೆಯ ಎಲ್ಲ ಮಕ್ಕಳು ಕನ್ನಡ ಓದುತ್ತಾರೆ, ಯಾವ ದಿನವಾದರೂ ಬಂದು ಓದಿಸಿ ನೋಡಬಹುದು. ಏಳರ ನಂತರ ಮಗುವನ್ನು ಯಾವ ಹೈಸ್ಕೂಲಿಗೆ ಸೇರಿಸಿದರೆ ಒಳ್ಳೆಯದು ಎಂದು ಪಾಲಕರ ಜೊತೆ ಕುಳಿತು ಮಾತಾಡುತ್ತೇವೆ. ಎರಡನೆಯದನ್ನು ಬರೆಸುವ ಮೊದಲು ನಾವು ಮೂವರೂ ಮೂರನೇ ಇಯತ್ತೆಗೆ ಹೋಗಿ ಒಬ್ಬೊಬ್ಬರನ್ನೇ ಓದಿಸಿದೆವು. ಇಬ್ಬರು ತಡವರಿಸಿದರು. ಏಪ್ರಿಲ್ ಪೂರ್ತಿ ಬೆಳಿಗ್ಗೆ ಅರ್ಧ ತಾಸು ಅವರಿಬ್ಬರ ಜೊತೆ ಕುಳಿತ ಮೇಲೆಯೇ ಬ್ಯಾನರ್ ಪ್ರಿಂಟಿಗೆ ಹೋದದ್ದು.

ಜೂನಿನಲ್ಲಿ ಒಂದನೇ ಇಯತ್ತೆಗೆ ಆರು ಮಕ್ಕಳು ಬಂದರು. ಹೋದ ವರ್ಷ ನಾಲ್ಕು. ಬ್ಯಾನರ್ ನೋಡಿ ಬಂದಿರಾ ಎಂದು ಆರೂ ಮನೆಯವರನ್ನು ಕೇಳಿದೆವು. ಇಬ್ಬರ ಅಕ್ಕಂದಿರು ಇಲ್ಲಿಯೇ ಕಲಿಯುತ್ತಾರೆ. ಇಬ್ಬರಿಗೆ ಶಾಲೆ ಮನೆಗೆ ಹತ್ತಿರ. ಒಬ್ಬರಿಗೆ ಫೀಸು ತುಂಬಲು ಆಗಲಿಲ್ಲ. ಆರನೆಯವಳು ರೊಟ್ಟಿ ಬಡಿಯುತ್ತಾ ನಮ್ಮನ್ನು ಪ್ರಶ್ನೆ ಕೇಳಿದ್ದ ಆ ತಾಯಿ. ಆಕೆ ಒಂದು ದಿನ ನೀರು ತರುವ ನೆವದಲ್ಲಿ ಶಾಲೆಗೆ ಬಂದು, ಮೂರನೇ ಇಯತ್ತೆಯ ಕಿಟಕಿಯ ಹೊರಗೆ ನಿಂತು, ಮಕ್ಕಳು ಓದುವುದನ್ನು ಕೇಳಿಸಿಕೊಂಡು ಹೋಗಿದ್ದಳಂತೆ. ಆಕೆಗೆ ಓದಲು ಬರುವುದಿಲ್ಲ. ಬ್ಯಾನರಿನಲ್ಲಿ ಏನು ಬರೆದಿದೆ ಎಂದು ನೆರೆಮನೆಯ ಹುಡುಗನಿಂದ ಓದಿಸಿದ್ದಳು.

ಬ್ಯಾನರ್ ಈಗ ಶಾಲೆಯ ಗೇಟಿನ ಮೇಲೆ ಇಲ್ಲ. ಜುಲೈ ಮೊದಲ ವಾರದ ಗಾಳಿಮಳೆಗೆ ಹಗ್ಗ ಕಿತ್ತಿತು. ಮರುದಿನ ನೋಡಿದರೆ ಊರ ಹೊರಗಿನ ಒಂದು ಕಣಿಕೆಯ ಬಣವಿಯ ಮೇಲೆ ಹೊದಿಸಿ ನಾಲ್ಕು ಕಡೆ ಕಲ್ಲು ಇಟ್ಟಿದ್ದರು. ಅಕ್ಷರ ಮೇಲ್ಮುಖವಾಗಿಯೇ ಇವೆ. ಮುಖ್ಯಾಧ್ಯಾಪಕರು ಇಸಿದುಕೊಂಡು ಬರೋಣ ಎಂದರು. ಮಳೆಗಾಲ ಮುಗಿಯಲಿ ಬಿಡ್ರಿ ಎಂದೆವು.